ಕುಸ್ತಿಯಲ್ಲಿ ನಮ್ಮ ಕೊರತೆಯನ್ನು ನಾವೇ ಕಂಡುಕೊಳ್ಳುವದು ಹೇಗೆ?



ಮಹಾಲಿಂಗಪುರದ ಸುತ್ತಿನ ನಮ್ಮ ಹಳ್ಳಿಗಳಲ್ಲಿ ಜಾತ್ರೆ ಎಂದರೆ ತೇರು, ಪ್ರಸಾದ, ಅದರ ಬೆನ್ನಿಗೆ ಕುಸ್ತಿ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಲ್ಲ ಕಡೆಗೂ ಈ ಹುರುಪು ಇದೆ. ಹಗಲೆಲ್ಲ ಕಬ್ಬಿನ ಹೊಲದಲ್ಲಿ ದುಡಿದ ಹುಡುಗ ಸಂಜೆಗೆ ತಾಲೀಮಿಗೆ ಹೋಗಿ ಬಸ್ಕಿ, ದಂಡ ಹೊಡೆದು ಮೈ ಗಟ್ಟಿ ಮಾಡಿಕೊಳ್ಳುತ್ತಾನೆ. ಇದು ಸಂತೋಷದ ಮಾತು.

ಅವನು ಗೆದ್ದು ಬಂದ ದಿನ ಹಲಿಗೆ ಬಾರಿಸಿ ಮನೆಗೆ ಕರೆತರುತ್ತೇವೆ. ಸೋತು ಬಂದ ದಿನ ಏನು ಮಾಡುತ್ತೇವೆ? ಒಬ್ಬರು "ಪಂಚರು ಸರಿಯಾಗಿ ನೋಡಲಿಲ್ಲ" ಎನ್ನುತ್ತಾರೆ. ಇನ್ನೊಬ್ಬರು "ಕಣದ ಮಣ್ಣು ಹಸಿ ಇತ್ತು" ಎನ್ನುತ್ತಾರೆ. ಅವ್ವ "ನನ್ನ ಮಗಗ ದೃಷ್ಟಿ ಆಗೇದ" ಎಂದು ಉಪ್ಪು, ಮೆಣಸಿನಕಾಯಿ ನಿವಾಳಿಸುತ್ತಾಳೆ. ಎಲ್ಲರ ಮಾತಿನಲ್ಲಿಯೂ ಪ್ರೀತಿಯಿದೆ. ಆದರೆ ಮುಂದಿನ ಜಾತ್ರೆಯಲ್ಲಿ ಹುಡುಗ ಅದೇ ರೀತಿಯಲ್ಲಿ ಸಿಕ್ಕು ಮತ್ತೆ ಚಿತ್ ಆಗುತ್ತಾನೆ. ಎರಡು ಮೂರು ಸಲ ಹೀಗಾದ ಮೇಲೆ ಲಂಗೋಟವನ್ನು ಗೂಟಕ್ಕೆ ಹಾಕಿ ತಾಲೀಮು ಬಿಡುತ್ತಾನೆ. ಹೀಗೆ ಬಿಟ್ಟ ಎಷ್ಟೋ ಹುಡುಗರಲ್ಲಿ ಶಕ್ತಿ ಕಡಿಮೆ ಇರುವದಿಲ್ಲ. ತಮ್ಮ ಕೊರತೆ ಯಾವುದೆಂದು ಅವರಿಗೆ ಯಾರೂ ತೋರಿಸಿರುವದಿಲ್ಲ, ಅವರೂ ಹುಡುಕಿರುವದಿಲ್ಲ. ಅದನ್ನು ಹುಡುಕುವ ಬಗೆಯನ್ನು ಇಲ್ಲಿ ತಿಳಿಸಿದೆ.

ಮಣ್ಣು ಪರೀಕ್ಷೆಯಂತೆ ಮೈ ಪರೀಕ್ಷೆ

ಹೊಲದ ಒಂದು ಪಟ್ಟಿಯಲ್ಲಿ ಕಬ್ಬು ಹಳದಿ ಬಿದ್ದರೆ ನೀವು ಹೊಲವನ್ನೇ ಬಿಟ್ಟು ಬರುವದಿಲ್ಲ. ಮಣ್ಣು ತೆಗೆದು ಪರೀಕ್ಷೆಗೆ ಕಳಿಸುತ್ತೀರಿ. ಅದಕ್ಕೆ ಒಂದು ಕ್ರಮವಿದೆ. ಬದುವಿನ ಪಕ್ಕ, ತಿಪ್ಪೆ ಹಾಕಿದ ಜಾಗ, ಗಿಡದ ಬುಡ ಇವನ್ನು ಬಿಟ್ಟು ಹತ್ತು-ಹದಿನೈದು ಕಡೆಗೆ ಆರು ಇಂಚು ಆಳದವರೆಗಿನ ಮಣ್ಣು ತೆಗೆದು, ಚೆನ್ನಾಗಿ ಬೆರೆಸಿ, ಅದರಲ್ಲಿ ಅರ್ಧ ಕಿಲೋದಷ್ಟು ಕಳಿಸಬೇಕು. ಒಂದೇ ಕಡೆಯ ಹಿಡಿ ಮಣ್ಣು ಇಡೀ ಹೊಲದ ಸುದ್ದಿ ಹೇಳಲಾರದು. ರೋಗ ತಿಳಿದ ಮೇಲೆಯೇ ಮದ್ದು. ನೀರು ನಿಂತು ಜವಳಾದ ನೆಲಕ್ಕೆ ಬಸಿಗಾಲುವೆ ಬೇಕು. ಅಲ್ಲಿ ಬರೀ ಜಿಪ್ಸಂ ಸುರಿದರೆ ರೊಕ್ಕವೂ ಹೋಯಿತು, ಹಂಗಾಮೂ ಹೋಯಿತು.

ಕುಸ್ತಿಯಲ್ಲಿಯೂ ಹಾಗೆಯೇ. ಸೋತವನಿಗೆ "ನಾಳೆಯಿಂದ ಇನ್ನೂ ನೂರು ಬಸ್ಕಿ ಹೊಡಿ" ಎಂದು ಹೇಳುವದು ಪರೀಕ್ಷೆ ಮಾಡದೆ ಗೊಬ್ಬರ ಸುರಿದಂತೆ. ಅವನ ಕಾಲು ಗಟ್ಟಿ ಇದ್ದು, ದಮ್ಮು ಸಾಲದೆ ಸೋತಿದ್ದರೆ? ದಮ್ಮು ಇದ್ದು, ಅಂಜಿಕೆಯಿಂದ ಸೋತಿದ್ದರೆ? ಮೊದಲು ಕೊರತೆ ಯಾವುದೆಂದು ತಿಳಿಯಬೇಕು.

ಕೊರತೆ ಏಕೆ ಕಾಣಿಸುವದಿಲ್ಲ?

ಇದಕ್ಕೆ ಮೂರು ಕಾರಣಗಳಿವೆ.

ಒಂದು, ನಾವು ದಿನಾಲು ಅದೇ ಇಬ್ಬರು ಮೂವರು ಗೆಳೆಯರೊಡನೆ ಜೋರು ಮಾಡುತ್ತೇವೆ. ಅವರ ಪಟ್ಟು ನಮಗೆ ಗೊತ್ತು, ನಮ್ಮ ಪಟ್ಟು ಅವರಿಗೆ ಗೊತ್ತು. ಹೊಸಬನ ಕೈ ಬಿದ್ದಾಗಲೇ ನಮ್ಮ ಸಡಿಲು ಜಾಗ ತಿಳಿಯುತ್ತದೆ.

ಎರಡು, ಜಾತ್ರೆಯ ಕುಸ್ತಿಯಲ್ಲಿ ಹಿರಿಯರು ಮೈಕಟ್ಟು ನೋಡಿ ಜೋಡಿ ಹಚ್ಚುತ್ತಾರೆ. ಬೇಡವೆನಿಸಿದ ಜೋಡಿಯನ್ನು ಪೈಲವಾನ ಒಲ್ಲೆ ಎನ್ನಬಹುದು. ತನಗಿಂತ ಹಗುರಾದವರನ್ನೇ ಆರಿಸಿಕೊಂಡು ಹತ್ತು ಕುಸ್ತಿ ಗೆದ್ದವನಿಗೆ ತನ್ನ ಕೊರತೆಯ ಸುಳಿವೂ ಸಿಗುವದಿಲ್ಲ. ತೂಕದ ಪ್ರಕಾರ ಚೀಟಿ ಎತ್ತುವ ಸ್ಪರ್ಧೆಗೆ ಹೋದ ದಿನ ಎದುರಾಳಿಯನ್ನು ಆರಿಸುವ ಹಕ್ಕು ಇರುವದಿಲ್ಲ. ಮುಚ್ಚಿಟ್ಟದ್ದೆಲ್ಲ ಆ ದಿನ ಬಯಲಾಗುತ್ತದೆ.

ಮೂರು, ಗೆಲುವು ತಪ್ಪನ್ನು ಮುಚ್ಚುತ್ತದೆ. ನಿಮಗೆ ಧೋಬಿ ಪಛಾಡ ಚೆನ್ನಾಗಿ ಬರುತ್ತದೆ ಎನ್ನೋಣ. ಅದೊಂದರಿಂದಲೇ ಗೆಲ್ಲುತ್ತ ಹೋದರೆ, ಅದು ತಪ್ಪಿದ ಮೇಲೆ ಏನು ಮಾಡಬೇಕೆಂಬುದನ್ನು ನೀವು ಕಲಿಯುವದೇ ಇಲ್ಲ.

ಸೋಲನ್ನು ಬರೆದಿಡಿರಿ

ಹಾಲಿನ ಡೇರಿಯ ಲೆಕ್ಕ, ಕಾರಖಾನೆಗೆ ಕಳಿಸಿದ ಕಬ್ಬಿನ ತೂಕದ ಚೀಟಿ ಇವನ್ನು ನಾವು ಕಾಪಾಡಿ ಇಡುತ್ತೇವೆ. ಅದೇ ರೀತಿ ಪೈಲವಾನನೂ ಒಂದು ವಹಿ ಇಡಬೇಕು. ಕುಸ್ತಿ ಮುಗಿದ ದಿನ, ಮಲಗುವದಕ್ಕಿಂತ ಮುಂಚೆ, ಈ ಐದು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಮರುದಿನಕ್ಕೆ ಬಿಟ್ಟರೆ ನೆನಪಿಗಿಂತ ಸಬೂಬು ದೊಡ್ಡದಾಗಿರುತ್ತದೆ.

೧. ಕುಸ್ತಿ ಕೈಬಿಟ್ಟದ್ದು ಯಾವಾಗ? ಮೊದಲನೆಯ ನಿಮಿಷದಲ್ಲಿಯೋ, ದಣಿದ ಮೇಲೋ?

೨. ಆಗ ನೀವು ಯಾವ ಸ್ಥಿತಿಯಲ್ಲಿದ್ದಿರಿ? ನಿಂತಿದ್ದಿರೋ, ಕೆಳಗೆ ಬಿದ್ದಿದ್ದಿರೋ, ಎದುರಾಳಿಯ ಮೇಲೆ ಇದ್ದಿರೋ?

೩. ಅವನು ಯಾವ ಬದಿಯಿಂದ ನುಗ್ಗಿದನು? ನಿಮ್ಮ ಯಾವ ಕಾಲು ಮುಂದಿತ್ತು?

೪. ಅದಕ್ಕೆ ಸ್ವಲ್ಪ ಮೊದಲು ನೀವು ಏನು ಮಾಡಲು ಹೊರಟಿದ್ದಿರಿ?

೫. ಆಗ ಮನಸ್ಸಿನಲ್ಲಿ ಏನಿತ್ತು? ಅಂಜಿಕೆಯೋ, ಸಿಟ್ಟೋ, "ಗೆದ್ದೇ ಬಿಟ್ಟೆ" ಎಂಬ ಸಡಿಲವೋ?

ಗೆದ್ದ ಕುಸ್ತಿಯನ್ನೂ ಬರೆಯಿರಿ. ಗೆಲ್ಲುವ ಮೊದಲು ಎಲ್ಲಿ ಸಿಕ್ಕಿಬೀಳುತ್ತಿದ್ದಿರಿ ಎಂಬುದು ಅಲ್ಲಿಯೇ ಇರುತ್ತದೆ. ಈಗ ಮನೆ ಮನೆಗೆ ಮೊಬೈಲು ಇದೆ. ತಮ್ಮನಿಗೋ ಗೆಳೆಯನಿಗೋ ಹೇಳಿ ಕುಸ್ತಿಯನ್ನು ಪೂರ್ತಿ ಚಿತ್ರ ತೆಗೆಸಿರಿ. ಆದರೆ ಮೊದಲು ಬರೆಯಿರಿ, ಆಮೇಲೆ ನೋಡಿರಿ. ನೀವು ನೆನಸಿದ್ದಕ್ಕೂ ನಡೆದದ್ದಕ್ಕೂ ಎಷ್ಟು ಅಂತರವಿದೆ ಎಂಬುದು ಆಗ ತಿಳಿಯುತ್ತದೆ. ಆ ಅಂತರವನ್ನು ಕಂಡುಕೊಳ್ಳುವದೇ ಮೊದಲನೆಯ ಪಾಠ.

ಒಬ್ಬ ತರುಣ ಹೀಗೆ ಐದು ಕುಸ್ತಿ ಬರೆದನೆಂದು ಇಟ್ಟುಕೊಳ್ಳಿರಿ. ಮೂರರಲ್ಲಿ ಸೋತಿದ್ದಾನೆ. ಒಮ್ಮೆ ಢಾಕಿಗೆ, ಒಮ್ಮೆ ಕಲಾಜಂಗಕ್ಕೆ, ಒಮ್ಮೆ ಬರೀ ಕಾಲು ಹಿಡಿದದ್ದಕ್ಕೆ. ಬಾಯಿಂದ ಕೇಳಿದರೆ "ಮೂರು ಸಲ ಮೂರು ಬೇರೆ ಪಟ್ಟು, ದೈವ ನೆಟ್ಟಗಿಲ್ಲ" ಎನ್ನುತ್ತಾನೆ. ವಹಿಯೋ ಬೇರೆ ಹೇಳುತ್ತದೆ. ಮೂರೂ ಸಲ ಅವನು ಬಿದ್ದದ್ದು ನಾಲ್ಕನೆಯ ನಿಮಿಷದ ನಂತರ. ಮೂರೂ ಸಲ ತನ್ನ ಮೆಚ್ಚಿನ ಪಟ್ಟು ತಪ್ಪಿದ ಕೂಡಲೆ. ಆ ಹೊತ್ತಿಗೆ ದಣಿದು ನೆಟ್ಟಗೆ ನಿಂತಿದ್ದನು. ಅವನನ್ನು ಸೋಲಿಸಿದ್ದು ಮೂರು ಪಟ್ಟುಗಳಲ್ಲ. ದಣಿದಾಗ ಸೊಂಟ ಎತ್ತರಿಸುವ ಒಂದೇ ಚಟ. ಇದು ತಿಳಿದರೆ ಕೆಲಸ ಅರ್ಧ ಮುಗಿದಂತೆ.

ಒಂದು ಸೋಲಿನಿಂದ ನಿರ್ಣಯಕ್ಕೆ ಬರಬೇಡಿರಿ. ಅದು ಬದುವಿನ ಪಕ್ಕದ ಹಿಡಿ ಮಣ್ಣು ಇದ್ದಂತೆ. ಐದಾರು ಕುಸ್ತಿಗಳಲ್ಲಿ ಯಾವುದು ಮತ್ತೆ ಮತ್ತೆ ಬರುತ್ತದೆಯೋ ಅದೇ ನಿಮ್ಮ ಕೊರತೆ.

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಗಳು

ದಮ್ಮು: ಮೂವರು ಗೆಳೆಯರನ್ನು ನಿಲ್ಲಿಸಿರಿ. ಎರಡೆರಡು ನಿಮಿಷಕ್ಕೆ ಅವರು ಬದಲಾಗಲಿ, ನೀವು ಒಬ್ಬರೇ ಉಳಿಯಿರಿ. ನಿಮ್ಮ ಕೈ ಯಾವಾಗ ಕೆಳಗೆ ಇಳಿಯಿತು, ಬಾಯಿ ಯಾವಾಗ ತೆರೆಯಿತು ಎಂದು ವಸ್ತಾದರು ನೋಡಲಿ. ಮುಗಿದ ಕೂಡಲೆ ಒಂದು ನಿಮಿಷ ನಾಡಿ ಎಣಿಸಿರಿ. ಇನ್ನೊಂದು ನಿಮಿಷ ಬಿಟ್ಟು ಮತ್ತೆ ಎಣಿಸಿರಿ. ನಾಡಿ ಎಷ್ಟು ಇಳಿಯಿತೆಂದು ವಾರವಾರ ಬರೆದಿಡಿರಿ. ಈ ಇಳಿತ ಹೆಚ್ಚುತ್ತ ಹೋದರೆ ದಮ್ಮು ಬೆಳೆಯುತ್ತಿದೆ ಎಂದು ತಿಳಿಯಿರಿ. ಕಬ್ಬಿನ ಹೊರೆ ಹೊತ್ತವನ ಬೆನ್ನು ಗಟ್ಟಿ, ಸಂಗ್ರಾಣಿ ಕಲ್ಲು ಎತ್ತುವವನ ತೋಳು ಗಟ್ಟಿ. ಆದರೆ ಕಲ್ಲನ್ನು ಒಮ್ಮೆ ಎತ್ತಿದರೆ ಮುಗಿಯಿತು. ಕುಸ್ತಿಯಲ್ಲಿ ಎದುರಾಳಿ ಆರು ನಿಮಿಷ ಬಿಡದೆ ಎಳೆಯುತ್ತಾನೆ. ಆದಕಾರಣ ಹೊಲದ ಶಕ್ತಿ ಇದೆಯೆಂದು ದಮ್ಮಿನ ಪರೀಕ್ಷೆ ಬಿಡಬೇಡಿರಿ.

ಎಡ-ಬಲ: ನಿಮ್ಮ ಮೆಚ್ಚಿನ ಪಟ್ಟನ್ನು ಒಂದು ವಾರ ಮಾಡಬೇಡಿರಿ. ಅದಿಲ್ಲದೆ ತಾಲೀಮಿನಲ್ಲಿ ಎಷ್ಟು ಸಲ ಗೆಲ್ಲುತ್ತೀರಿ ಎಣಿಸಿರಿ. ಹಾಗೆಯೇ ಒಂದು ದಿನ ಬಲಗಾಲಿನ ಬದಲು ಎಡಗಾಲು ಮುಂದಿಟ್ಟು ಹಿಡಿಯಿರಿ. ಒಂದೇ ಎತ್ತಿನಿಂದ ಗಳೆ ಹೊಡೆಯಲು ಆಗದು.

ಕೆಳಗಿನ ಆಟ: ಮಣ್ಣಿಗೆ ಹೊಟ್ಟೆ ಹಚ್ಚಿ ಮಲಗಿ ಗೆಳೆಯನಿಗೆ ಮೇಲೆ ಕೂಡ್ರಲು ಹೇಳಿರಿ. ಒಂದು ನಿಮಿಷದಲ್ಲಿ ಎದ್ದು ನಿಲ್ಲುವದಕ್ಕೆ ಆಗುತ್ತದೆಯೋ ಇಲ್ಲವೋ ನೋಡಿರಿ. ನಿಂತ ಕುಸ್ತಿಯಲ್ಲಿ ಹುಲಿಯಂತಿದ್ದ ಎಷ್ಟೋ ಜನ ಕೆಳಗೆ ಬಿದ್ದರೆ ಮೂಟೆಯಂತೆ ಬಿದ್ದಿರುತ್ತಾರೆ.

ಮಣ್ಣಿನಿಂದ ಗಾದಿಗೆ ಹೋಗುವವರು ತಿಳಿಯಬೇಕಾದದ್ದು

ಇದು ನಮ್ಮ ಭಾಗದ ಪೈಲವಾನರ ದೊಡ್ಡ ಕೊರತೆ. ಆದರೆ ಇದರಲ್ಲಿ ಅವರ ತಪ್ಪಿಲ್ಲ. ಜಾತ್ರೆಯ ನಿಕಾಲಿ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ಹತ್ತುವವರೆಗೆ ಸೋಲಿಲ್ಲ. ಹೊಟ್ಟೆಯ ಮೇಲೆ ಮಲಗಿ ಹೊತ್ತು ಕಳೆದರೂ ನಡೆಯುತ್ತದೆ. ಗಾದಿಯ ಮೇಲೆ ಹಾಗಲ್ಲ. ಹಿರಿಯರ ಕುಸ್ತಿ ಮೂರು ಮೂರು ನಿಮಿಷದ ಎರಡು ಭಾಗ, ನಡುವೆ ೩೦ ಸೆಕೆಂಡು ವಿಶ್ರಾಂತಿ. ಕಣದ ಗೆರೆ ದಾಟಿ ಹೊರಗೆ ಕಾಲಿಟ್ಟರೆ ಎದುರಾಳಿಗೆ ಒಂದು ಅಂಕ. ಹೊಟ್ಟೆಯ ಮೇಲೆ ಮಲಗಿದವನನ್ನು ಹೊರಳಿಸಿ ಬೆನ್ನು ನೆಲಕ್ಕೆ ತಿರುಗಿಸಿದರೆ ಎರಡು ಅಂಕ. ಫ್ರೀಸ್ಟೈಲಿನಲ್ಲಿ ಹತ್ತು ಅಂಕಗಳ ಅಂತರವಾದರೆ ಕುಸ್ತಿ ಅಲ್ಲಿಗೇ ಮುಗಿಯಿತು. ಸುಮ್ಮನೆ ಕಾಯುತ್ತ ನಿಂತರೆ ಪಂಚರು ಎಚ್ಚರಿಕೆ ಕೊಡುತ್ತಾರೆ. ಮಣ್ಣಿನಲ್ಲಿ ಜಾಣತನವಾದ ತಾಳ್ಮೆ ಗಾದಿಯ ಮೇಲೆ ಕೊರತೆಯಾಗುತ್ತದೆ.

ಇದನ್ನು ಅನುಭವಿಸಿ ತಿದ್ದಿಕೊಂಡ ಒಬ್ಬ ರೈತನ ಮಗನ ಸಂಗತಿ ಕೇಳಿರಿ. ಜಮಖಂಡಿ ಸೀಮೆಗೆ ಬರುವ ಕೃಷ್ಣೆ ಮೇಲೆ ಕರಾಡದಲ್ಲಿ ಕೊಯ್ನೆಯನ್ನು ಕೂಡಿಕೊಳ್ಳುತ್ತಾಳೆ. ಆ ಕರಾಡದ ಹತ್ತಿರದ ಗೋಳೇಶ್ವರ ಎಂಬ ಹಳ್ಳಿಯಲ್ಲಿ ೧೯೨೬ರಲ್ಲಿ ಖಾಶಾಬಾ ದಾದಾಸಾಹೇಬ ಜಾಧವ ಹುಟ್ಟಿದರು. ಮಣ್ಣಿನಲ್ಲಿ ಬೆಳೆದ ಪೈಲವಾನರು. ೧೯೪೮ರಲ್ಲಿ ಲಂಡನ್ ಒಲಿಂಪಿಕ್ಸಿಗೆ ಹೋದಾಗ ಗಾದಿಯೂ ಹೊಸದು, ಹೊರದೇಶದ ನಿಯಮಗಳೂ ಹೊಸವು. ಆರನೆಯ ಸ್ಥಾನ ಬಂತು. "ನಮ್ಮ ಮಣ್ಣೇ ಬೇರೆ" ಎಂದು ಅವರು ಮನೆಯಲ್ಲಿ ಕೂಡ್ರಲಿಲ್ಲ. ನಾಲ್ಕು ವರ್ಷ ದುಡಿದು, ಇನ್ನೂ ಹೆಚ್ಚಿನ ತೂಕದ ವರ್ಗದಲ್ಲಿ ನಿಂತು, ೧೯೫೨ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಕಂಚಿನ ಪದಕ ತಂದರು. ಸ್ವತಂತ್ರ ಭಾರತಕ್ಕೆ ಒಬ್ಬ ಆಟಗಾರ ತನ್ನ ಬಲದಿಂದ ತಂದ ಮೊದಲ ಒಲಿಂಪಿಕ್ ಪದಕ ಅದು. ಅವರ ಕೊರತೆ ತೋಳಿನದಾಗಿರಲಿಲ್ಲ. ಗಾದಿಯ ಮತ್ತು ನಿಯಮದ ಪರಿಚಯ ಇಲ್ಲದ್ದೇ ಕೊರತೆ. ಅಂಥದನ್ನು ಕಲಿತು ತುಂಬಿಕೊಳ್ಳಬಹುದು.

ಮುಂದೆ ಇದ್ದಾಗ ಬರುವ ಕೊರತೆ

ಹಿಂದೆ ಬಿದ್ದವನಿಗೆ ಮಾತ್ರ ಕೊರತೆ ಇರುತ್ತದೆ ಎಂದು ತಿಳಿಯಬೇಡಿರಿ. ನಮ್ಮ ಬಾಗಲಕೋಟೆ ಜಿಲ್ಲೆಯ ಅರ್ಜುನ ಹಲಕುರ್ಕಿಯವರು ೨೦೨೦ರ ಫೆಬ್ರವರಿಯಲ್ಲಿ ದಿಲ್ಲಿಯಲ್ಲಿ ನಡೆದ ಏಶಿಯಾ ಕುಸ್ತಿ ಸ್ಪರ್ಧೆಯಲ್ಲಿ, ೫೫ ಕಿಲೋ ಗ್ರೀಕೋ-ರೋಮನ್ ವರ್ಗದಲ್ಲಿ ನಿಂತಿದ್ದರು. ಕಾಲು ಹಿಡಿಯದೆ ಸೊಂಟದ ಮೇಲೆ ಮಾತ್ರ ಆಡುವ ಕುಸ್ತಿ ಇದು. ಉಪಾಂತ್ಯದಲ್ಲಿ ಇರಾಣದ ಪೈಲವಾನನ ಮೇಲೆ ೭-೧ರಿಂದ ಮುಂದಿದ್ದರು. ಕೊನೆಗೆ ೭-೮ರಿಂದ ಸೋತರು. ಅಂತಿಮ ಕುಸ್ತಿ ಒಂದೇ ಅಂಕದಿಂದ ತಪ್ಪಿತು. ಅಂಥ ಸೋಲಿನ ಮೇಲೆ ಎದೆ ಒಡೆಯುವದು ಸಹಜ. ಆದರೆ ಅದೇ ಸ್ಪರ್ಧೆಯಲ್ಲಿ ಅವರು ಮತ್ತೆ ಕಣಕ್ಕಿಳಿದು, ಕೊರಿಯಾದವನನ್ನು ೭-೪ರಿಂದ ಸೋಲಿಸಿ ಕಂಚಿನ ಪದಕ ತಂದರು.

ಇದರಲ್ಲಿ ನಮಗೆ ಎರಡು ಪಾಠಗಳಿವೆ. ಅಂಕ ಗಳಿಸುವದು ಒಂದು ವಿದ್ಯೆ, ಗಳಿಸಿದ್ದನ್ನು ಕಾಯುವದು ಇನ್ನೊಂದು ವಿದ್ಯೆ. ರಾಶಿ ಮಾಡಿದವನು ಕಣ ಕಾಯುವದನ್ನೂ ಕಲಿಯಬೇಕು. ತಾಲೀಮಿನಲ್ಲಿ "ನೀನು ನಾಲ್ಕು ಅಂಕ ಮುಂದೆ ಇದ್ದೀಯಾ, ಒಂದು ನಿಮಿಷ ಉಳಿದಿದೆ" ಎಂದು ಹೇಳಿ ಕುಸ್ತಿ ಹಚ್ಚಿರಿ. ಮರುದಿನ ಅದೇ ಹುಡುಗನಿಗೆ ನಾಲ್ಕು ಅಂಕ ಹಿಂದೆ ಇದ್ದಂತೆ ಹಚ್ಚಿರಿ. ಯಾವುದರಲ್ಲಿ ಅವನು ತಡಬಡಿಸುತ್ತಾನೆಂಬುದು ಕಾಣುತ್ತದೆ. ಎರಡನೆಯ ಪಾಠ, ಒಂದು ಸೋಲನ್ನು ಮುಂದಿನ ಕುಸ್ತಿಗೆ ಹೊತ್ತುಕೊಂಡು ಹೋಗಬಾರದು. ಅಳುವದಿದ್ದರೆ ರಾತ್ರಿ ಅಳಿರಿ, ಬರೆಯಿರಿ, ಕಣದಲ್ಲಿ ಬೇಡ.

ತೂಕದ ಲೆಕ್ಕ

ಹಗುರ ವರ್ಗದಲ್ಲಿ ಆಡಿದರೆ ಸುಲಭವಾಗಿ ಗೆಲ್ಲಬಹುದೆಂದು ಕೆಲವರು ಕಡೆಯ ಎರಡು ದಿನ ನೀರು ಬಿಟ್ಟು, ಬಿಸಿಲಿನಲ್ಲಿ ಓಡಿ ಮೈ ಒಣಗಿಸುತ್ತಾರೆ. ೨೦೨೪ರ ಆಗಸ್ಟ್ ೭ರಂದು ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ವಿನೇಶ ಫೋಗಟ್ ಅವರಿಗೆ ಆದದ್ದು ನಿಮಗೆ ಗೊತ್ತಿದೆ. ಮೊದಲ ದಿನ ಮೂರು ಕುಸ್ತಿ ಗೆದ್ದು ಅಂತಿಮಕ್ಕೆ ಬಂದವರು ಮರುದಿನ ಬೆಳಿಗ್ಗೆ ೫೦ ಕಿಲೋಕ್ಕಿಂತ ೧೦೦ ಗ್ರಾಂ ಹೆಚ್ಚು ತೂಗಿದ್ದರಿಂದ ಹೊರಗಾದರು. ರಾತ್ರಿಯೆಲ್ಲ ದುಡಿದರೂ ಆ ೧೦೦ ಗ್ರಾಂ ಇಳಿಯಲಿಲ್ಲ.

ಪದಕ ತಪ್ಪುವದಕ್ಕಿಂತ ದೊಡ್ಡ ಅಪಾಯವೂ ಇದೆ. ೧೯೯೭ರ ನವೆಂಬರ್-ಡಿಸೆಂಬರಿನಲ್ಲಿ ಅಮೇರಿಕೆಯಲ್ಲಿ ಕಾಲೇಜಿನ ಮೂವರು ತರುಣ ಪೈಲವಾನರು ಹೀಗೆ ಅವಸರದಿಂದ ತೂಕ ಇಳಿಸಲು ಹೋಗಿ ಪ್ರಾಣ ಕಳೆದುಕೊಂಡರು. ಬಳಿಕ ಅಲ್ಲಿಯ ನಿಯಮಗಳನ್ನೇ ಬದಲಿಸಬೇಕಾಯಿತು. ಆದಕಾರಣ ಸ್ಪರ್ಧೆಗೆ ಎರಡು ತಿಂಗಳು ಮೊದಲಿನಿಂದ ವಾರಕ್ಕೊಮ್ಮೆ, ಅದೇ ತಕ್ಕಡಿಯಲ್ಲಿ, ಬೆಳಿಗ್ಗೆ ತೂಕ ನೋಡಿ ವಹಿಯಲ್ಲಿ ಬರೆಯಿರಿ. ನಿಮ್ಮ ಸಹಜ ತೂಕಕ್ಕೆ ಹತ್ತಿರದ ವರ್ಗವನ್ನೇ ಆರಿಸಿರಿ. ಬೆಳೆಯುವ ಹುಡುಗನಿಗೆ ಉಪವಾಸ ಕೆಡವಿ ತೂಕ ಇಳಿಸಬೇಡಿರಿ. ಬೆಳ್ಳಿಯ ಕಡಗ ಮುಂದಿನ ವರ್ಷವೂ ಬರುತ್ತದೆ, ಮಗ ಬರುವದಿಲ್ಲ.

ಕೊರತೆ ಬೇರೆ, ಗಾಯ ಬೇರೆ

ಕುತ್ತಿಗೆ ನೋಯುತ್ತ ಕೈ ಜೋಮು ಹಿಡಿದರೆ, ತಲೆಗೆ ಪೆಟ್ಟು ಬಿದ್ದು ವಾಂತಿ ಬಂದರೆ, ಮೊಣಕಾಲು ಬಾತು ಮಡಚಲು ಬಾರದಿದ್ದರೆ ಅದು ತಾಲೀಮಿನಿಂದ ತಿದ್ದುವ ಕೊರತೆ ಅಲ್ಲ. ಕುಸ್ತಿ ನಿಲ್ಲಿಸಿ ಅದೇ ದಿನ ಡಾಕ್ಟರರಿಗೆ ತೋರಿಸಿರಿ. ಕಿವಿ ಬಾತು ರಕ್ತ ತುಂಬಿದರೂ ತಡ ಮಾಡಬೇಡಿರಿ. ಗಜಕರ್ಣ ಹತ್ತಿದವನು ವಾಸಿಯಾಗುವವರೆಗೆ ಕಣಕ್ಕೆ ಇಳಿಯಬಾರದು. ಇಳಿದರೆ ತಾಲೀಮಿಗೆಲ್ಲ ಹಬ್ಬುತ್ತದೆ. ನೋವು ಮುಚ್ಚಿಡುವದು ಗಂಡಸುತನ ಅಲ್ಲ. ಕುಂಟುವ ಎತ್ತನ್ನು ನೀವು ಗಳೆಗೆ ಹೂಡುತ್ತೀರಾ?

ತಿದ್ದುವ ಕ್ರಮ

ಕೊರತೆ ಗೊತ್ತಾದ ಮೇಲೆ ಒಂದು ಸಲಕ್ಕೆ ಒಂದನ್ನೇ ತಿದ್ದಿರಿ. ಇಡೀ ಹೊಲಕ್ಕೆ ಒಂದೇ ದಿನ ನೀರು ಹಾಯಿಸಲು ಆಗದು. ತಾಲೀಮಿನಲ್ಲಿ ನಿಮ್ಮ ಕೆಟ್ಟ ಸ್ಥಿತಿಯಿಂದಲೇ ಕುಸ್ತಿ ಆರಂಭಿಸಿರಿ. ಕೆಳಗೆ ಬಿದ್ದಾಗ ಏಳಲು ಬಾರದವನು ಕೆಳಗೆ ಮಲಗಿಯೇ ಆರಂಭಿಸಲಿ. ಎಡಗಾಲು ಕೊಡುವವನು ಎಡಗಾಲನ್ನು ಗೆಳೆಯನ ಕೈಯಲ್ಲಿ ಇಟ್ಟೇ ಆರಂಭಿಸಲಿ. ಮೊದಲ ವಾರ ದಿನಾಲು ಸೋಲುತ್ತೀರಿ. ನಾಚಬೇಡಿರಿ. ತಾಲೀಮಿನ ಸೋಲಿಗೆ ಬೆಲೆ ಇಲ್ಲ, ಅದು ಬಿತ್ತುವ ಬೀಜ. ಆರು ವಾರದ ಮೇಲೆ ಮೊದಲಿನ ಪರೀಕ್ಷೆಯನ್ನೇ ಮತ್ತೆ ಮಾಡಿ, ಹಳೆಯ ಲೆಕ್ಕದ ಪಕ್ಕದಲ್ಲಿ ಹೊಸದನ್ನು ಬರೆಯಿರಿ.

ನಿಮ್ಮನ್ನು ಸೋಲಿಸಿದವನ ಹತ್ತಿರ ಹೋಗಿ ಕೇಳಲು ಅಂಜಬೇಡಿರಿ. "ಅಣ್ಣಾ, ನನ್ನಲ್ಲಿ ನಿನಗ ಎಲ್ಲಿ ಸಡಿಲ ಕಂಡಿತು?" ಎಂದು ಕೇಳಿದರೆ ಒಳ್ಳೆಯ ಪೈಲವಾನ ಮುಚ್ಚಿಡದೆ ಹೇಳುತ್ತಾನೆ. ಗೆಳೆಯರು ಹತ್ತು ದಿನ ಹೊಗಳುವದಕ್ಕಿಂತ ಆ ಒಂದು ಮಾತು ಹೆಚ್ಚು.

ಹಿರಿಯರಿಗೆ ಒಂದು ಮಾತು

ತಂದೆಯರೇ, ವಸ್ತಾದರೇ, ಹುಡುಗ ಅಥವಾ ಹುಡುಗಿ ಸೋತು ಬಂದ ರಾತ್ರಿ ನೀವು ಆಡುವ ಮೊದಲ ಮಾತು ಮಹತ್ವದ್ದು. ಬೈದರೆ ಅವರು ಕೊರತೆಯನ್ನು ಮುಚ್ಚಿಡುವದನ್ನು ಕಲಿಯುತ್ತಾರೆ. ಪಂಚರನ್ನು ಬೈದರೆ ಸಬೂಬು ಹೇಳುವದನ್ನು ಕಲಿಯುತ್ತಾರೆ. ಮೊದಲು ಊಟ ಹಾಕಿರಿ. ಆಮೇಲೆ "ಎಲ್ಲಿ ತಪ್ಪಿತು, ಹೇಳು ನೋಡೋಣ" ಎಂದು ಪಕ್ಕದಲ್ಲಿ ಕೂಡ್ರಿರಿ. ಬರೆಯಲು ಬೇಸರಪಟ್ಟರೆ ನೀವೇ ಬರೆದುಕೊಳ್ಳಿರಿ.

ಊರ ತಾಲೀಮಿಗೆ ಒಂದು ತೂಕದ ಯಂತ್ರ, ಒಂದು ಗಡಿಯಾರ, ಪ್ರತಿಯೊಬ್ಬ ಹುಡುಗನಿಗೆ ಒಂದು ವಹಿ, ಇಷ್ಟನ್ನು ಊರವರು ಕೂಡಿ ಒದಗಿಸಬಹುದು. ತಿಂಗಳಿಗೊಮ್ಮೆ ಪಕ್ಕದ ಊರಿನ ತಾಲೀಮಿನವರನ್ನು ಕರೆಯಿರಿ. ಹೊಸ ಕೈ ಬೀಳಲಿ. ಇದಕ್ಕೆ ಖರ್ಚು ಬಹಳ ಇಲ್ಲ, ಮನಸ್ಸು ಬೇಕು.

ಈ ಸಲದ ಜಾತ್ರೆಗೆ ಹೋಗುವ ಮೊದಲು ಇಂದೇ ಸಂಜೆ ಒಂದು ವಹಿ ತೆಗೆದುಕೊಳ್ಳಿರಿ. ಮೊದಲನೆಯ ಪುಟದಲ್ಲಿ ಕಳೆದ ಸಲ ಸೋತ ಕುಸ್ತಿಯನ್ನು ಉಳಿದದ್ದು ಉಳಿದಂತೆ ಬರೆಯಿರಿ. ನಿಮ್ಮ ಹೊಲದ ಸವಳು ಪಟ್ಟಿ ಎಲ್ಲಿದೆ ಎಂದು ನಿಮಗೆ ಗೊತ್ತಿದೆ. ನಿಮ್ಮ ಮೈಯೊಳಗಿನ, ಮನಸ್ಸಿನೊಳಗಿನ ಸವಳು ಪಟ್ಟಿಯನ್ನೂ ತಿಳಿದುಕೊಳ್ಳಿರಿ.